ಮೂರು ಗಿರಾಕಿ, ಮೂರು ಥರದ ಲಾಗಿನ್, ಒಂದ ಸಾಫ್ಟ್‌ವೇರ್

ನಮ್ದು ಬೆಳಗಾವ್ಯಾಗ ಸಣ್ಣ ಸಾಫ್ಟ್‌ವೇರ್ ಆಫೀಸ್, ಟಿಳಕವಾಡಿ ಕಡೆ. ಮಾಡೂದು ಸ್ಟೋರ್ಸ್ ಮತ್ತ ಗೇಟ್ ಪಾಸ್ ಸಾಫ್ಟ್‌ವೇರ್. ಯಾರು ಇಂಡೆಂಟ್ (ಸಾಮಾನ ಬೇಕು ಅನ್ನೋ ಬೇಡಿಕಿ ಚೀಟಿ) ಹಾಕಿದ್ರು, ಯಾರು ಅಪ್ರೂವ್ ಮಾಡಿದ್ರು, ಯಾವ ಗಾಡ್ಯಾಗ ಏನ್ ಸಾಮಾನ ಹೊರಗ ಹೋತು, ರಿಟರ್ನೇಬಲ್ ಇದ್ರ ಹೊಳ್ಳಿ ಬಂತೋ ಇಲ್ಲೋ, ಇಷ್ಟ ಇದರ ಕೆಲಸ. ಶುರುವಾಗಿದ್ದು ಉದ್ಯಮಬಾಗದ ಒಂದು ಫೌಂಡ್ರಿಗೆ, ಅಲ್ಲಿ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ರ ಮುಗೀತಿತ್ತು. ಆಮ್ಯಾಲ ಮುಧೋಳ ಕಡಿಂದ ಒಂದು ಸಕ್ಕರಿ ಫ್ಯಾಕ್ಟರಿ ಬಂತು, ಅದರ ಬೆನ್ನಿಗೇ ಒಂದು ಇಂಜಿನಿಯರಿಂಗ್ ಕಾಲೇಜು. ತಂಟೆ ಶುರುವಾದದ್ದು ಅಲ್ಲಿಂದ.

ಫ್ಯಾಕ್ಟರಿ ಐಟಿ ಸಾಹೇಬ್ರು ಡೆಮೊ ನೋಡಿ ಮೊದಲನೇ ಮಾತಿಗೇ ಹೇಳಿದ್ರು, "ನಮ್ಮ ಮಂದಿಗೆ ವಿಂಡೋಸ್ ಲಾಗಿನ್ ಐತ್ರಿ, ಅದರಾಗನ ಇದೂ ಓಪನ್ ಆಗಬೇಕು, ಇನ್ನೊಂದು ಪಾಸ್‌ವರ್ಡ್ ಕೊಟ್ರ ಕಾಟಾ ಕ್ಯಾಬಿನ್ ದಾಗ ಕ್ಯಾಲೆಂಡರ್ ಮ್ಯಾಲ ಬರದ ಇಡ್ತಾರ ನೋಡ್ರಿ." ಸುಳ್ಳಲ್ಲ, ಆ ಕ್ಯಾಲೆಂಡರ್ ನಾನೂ ನೋಡೀನಿ, ಏಕಾದಶಿ ಮಗ್ಗಲ ಪಾಸ್‌ವರ್ಡ್ ಇತ್ತು. ಕಾಲೇಜಿನವರಿಗೆ ಗೂಗಲ್ ಐಡಿ ಬೇಕು, ಯಾಕಂದ್ರ ಸ್ಟಾಫ್‌ಗೆಲ್ಲಾ ಕಾಲೇಜ್ ಇಮೇಲ್ ಗೂಗಲ್ ದಾಗನ ಐತಿ. ಇಬ್ಬರ ಸುದ್ದಿ ಕೇಳಿ ಫೌಂಡ್ರಿಯವರೂ ಶುರು ಮಾಡಿದ್ರು: ಶಾಪ್ ಫ್ಲೋರ್ ದಾಗ ಟ್ಯಾಬ್ ಇಡ್ತೀವಿ, ಮೋಲ್ಡಿಂಗ್ ಹುಡುಗ್ರ ಕೈಯಾಗ ಮಣ್ಣು ಇರ್ತೈತಿ, ಉದ್ದನ ಪಾಸ್‌ವರ್ಡ್ ಯಾರು ಟೈಪ್ ಮಾಡ್ತಾರ, ಪಿನ್ ಕೊಡ್ರಿ.

ಗಿರಾಕಿ ಇವ್ರಾದ್ರ ಹಿಂಗ, ಅವ್ರಾದ್ರ ಹಂಗ ಅಂತ ಲಾಗಿನ್ ಕೋಡ್ ದಾಗ ಇಫ್ ಮ್ಯಾಲ ಇಫ್ ಹಾಕೋದು ಸಲೀಸು. ಆದ್ರ ಹಂಗ ಬೆಳದ ಕೋಡ್ ನಾನು ಬೆಂಗಳೂರಾಗ ಕೆಲಸ ಮಾಡುವಾಗ ನೋಡೀನಿ, ಒಂದು ಗಿರಾಕಿಗೆ ಏನರ ಬದಲಿ ಮಾಡಿದ್ರ ಇನ್ನೊಂದರ ಲಾಗಿನ್ ಬೀಳ್ತಿತ್ತು. ಅದಕ್ಕ ಈ ಸಲ ಲಾಗಿನ್ ಅನ್ನೋದನ್ನ ಪ್ಲಗ್ ಹಾಕಿ ತೆಗೆಯೋ ಹಂಗ ಮಾಡೂಣು ಅಂತ ಕುಂತ್ವಿ.

ಮೊದಲು ಓದಿದ್ದು ಪ್ಯಾಮ್ ಬಗ್ಗೆ, ಲಾಗಿನ್ ಪರೀಕ್ಷಾನ ಬ್ಯಾರೆ ಬ್ಯಾರೆ ಮಾಡ್ಯೂಲ್ ಆಗಿ ಜೋಡಸೋ ವ್ಯವಸ್ಥಾ ಅದು. ಪ್ಲಗಬಲ್ ಆಥೆಂಟಿಕೇಶನ್ ಮಾಡ್ಯೂಲ್ಸ್, 1995ರಾಗ ಸನ್ ಮೈಕ್ರೋಸಿಸ್ಟಮ್ಸ್‌ನ ವಿಪಿನ್ ಸಮರ್, ರೋಲಂಡ್ ಶೆಮರ್ಸ್ ಅನ್ನೋರು ಇದರ ಪ್ರಸ್ತಾಪ ಮಾಡಿದ್ರು, ಮರುವರ್ಷ ಲಿನಕ್ಸ್‌ಗೂ ಬಂತು. ನೀವು ಇವತ್ತ ಯಾವ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆದ್ರೂ ಹಿಂದ ಬಹುತೇಕ ಇದ ಇರ್ತೈತಿ. ನಮ್ಮ ಆಫೀಸ್ ಸರ್ವರ್ ದಾಗ ಪ್ಯಾಮ್ ಫೋಲ್ಡರ್ ತೆಗದು ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗೋದು) ಫೈಲ್ ಸಾಲುಸಾಲು ಓದಿದ್ವಿ. ಇಡೀ ಕೆಲಸ ನಾಕು ಭಾಗ ಮಾಡ್ಯಾರ: ಆಥ್, ಅಕೌಂಟ್, ಪಾಸ್‌ವರ್ಡ್, ಸೆಷನ್. ಆಥ್ ಅಂದ್ರ ನೀ ನೀನ ಹೌದೋ ಅಲ್ಲೋ. ಅಕೌಂಟ್ ಅಂದ್ರ ನೀ ನೀನ ಹೌದು, ಆದ್ರ ಈಗ ಒಳಗ ಬರಬಹುದೋ ಇಲ್ಲೋ: ಅವಧಿ ಮುಗದೈತೇನು, ಈ ಹೊತ್ತಿನ್ಯಾಗ ಪರವಾನಗಿ ಐತೇನು. ಈ ಎರಡನ್ನ ಬ್ಯಾರೆ ಇಟ್ಟಿದ್ದು ನನಗ ಭಾಳ ಹಿಡಿಸ್ತು, ಯಾಕಂದ್ರ ಸಕ್ಕರಿ ಫ್ಯಾಕ್ಟರ್‍ಯಾಗ ಕಬ್ಬು ನುರಿಸೋ ಸೀಸನ್‌ಗೆ ಅಂತ ತಗೊಂಡ ಮಂದಿ ಇರ್ತಾರ, ಸೀಸನ್ ಮುಗಿದ ಮ್ಯಾಲ ಅವರ ಪಾಸ್‌ವರ್ಡ್ ಸರಿ ಇದ್ರೂ ಒಳಗ ಬಿಡಬಾರದು, ಮುಂದಿನ ಸೀಸನ್‌ಗೆ ಅವರ ಹೊಳ್ಳಿ ಬರ್ತಾರ ಅಂತ ಅಳಿಸಿಬಿಡಾಕೂ ಬರಂಗಿಲ್ಲ.

ಇನ್ನೊಂದು ಜಾಣತನ ರಿಕ್ವೈರ್ಡ್, ರಿಕ್ವಿಸಿಟ್, ಸಫಿಶಿಯಂಟ್, ಆಪ್ಶನಲ್ ಅನ್ನೋ ನಾಕು ಗುರುತು. ರಿಕ್ವಿಸಿಟ್ ಫೇಲ್ ಆದ್ರ ಅಲ್ಲೇ ನಿಲ್ತೈತಿ. ರಿಕ್ವೈರ್ಡ್ ಫೇಲ್ ಆದ್ರೂ ಉಳಿದ ಮಾಡ್ಯೂಲ್ ನಡಸ್ಕೊಂತ ಹೋಗಿ ಕೊನಿಗೆ ಇಲ್ಲ ಅಂತೈತಿ, ಎಲ್ಲಿ ಎಡವಿದ್ಯೋ ಹೊರಗಿನವನಿಗೆ ಗೊತ್ತಾಗಬಾರದು ಅಂತ. ಈ ಸೂಕ್ಷ್ಮ ಮೂವತ್ತು ವರ್ಷದ ಹಿಂದನ ಯೋಚನಾ ಮಾಡ್ಯಾರ. ನಮ್ಮ ಎಷ್ಟೋ ವೆಬ್‌ಸೈಟ್ ಇವತ್ತೂ "ಈ ಇಮೇಲ್ ನಮ್ಮಲ್ಲಿ ಇಲ್ಲ" ಅಂತ ಬಾಯಿ ಬಿಟ್ಟು ಹೇಳ್ತಾವು.

ನಮ್ಮ ಆ್ಯಪ್ ಜ್ಯಾಂಗೊದಾಗ ಐತಿ, ಪೈಥಾನ್ ಭಾಷಾದಾಗ ವೆಬ್ ಆ್ಯಪ್ ಕಟ್ಟೋ ಚೌಕಟ್ಟು ಅದು. ಜ್ಯಾಂಗೊದಾಗೂ ಇದ ಥರದ ವ್ಯವಸ್ಥಾ ಐತಿ, ಸೆಟಿಂಗ್ಸ್ ಫೈಲ್‌ನ್ಯಾಗ ಆಥೆಂಟಿಕೇಶನ್ ಬ್ಯಾಕೆಂಡ್ಸ್ (ಗುರುತು ಪರೀಕ್ಷಾ ಮಾಡೋ ಕೋಡ್) ಅಂತ ಒಂದು ಪಟ್ಟಿ, ಅದರಾಗ ಕ್ಲಾಸ್ ಹೆಸರು ಬರದ್ರ ಆತು. ಯಾರರ ಲಾಗಿನ್ ಆಗಾಕ ಬಂದ್ರ ಪಟ್ಟಿ ಮ್ಯಾಲಿಂದ ಒಂದೊಂದನ್ನ ಕೇಳ್ತೈತಿ, ಯಾವುದು ಮೊದಲು ಯೂಸರ್ ಕೊಡ್ತೈತೋ ಅಲ್ಲಿಗೆ ನಿಲ್ತೈತಿ. ಯಾವುದರ ಒಂದು ಪರ್ಮಿಶನ್ ಡಿನೈಡ್ ಅಂತ ಎಕ್ಸೆಪ್ಶನ್ ಎಸದ್ರ ಮುಂದಿನವನ್ನ ಕೇಳಂಗನ ಇಲ್ಲ. ಈ ಕೊನೀ ಸಾಲು ನೆನಪಿಡ್ರಿ, ಮುಂದ ಬರ್ತೈತಿ.

ಇಲ್ಲಿ ನಾವು ಒಂದು ಕಟ್ಟು ಹಾಕ್ಕೊಂಡ್ವಿ, ಇಡೀ ಕೆಲಸದಾಗ ಭಾಳ ಉಪಯೋಗ ಬಿದ್ದದ್ದು ಇದ. ಪ್ಲಗ್ ಕೆಲಸ ಏನಂದ್ರ ಬಂದವ ಯಾರು ಅಂತ ಹೇಳೋದು, ಅಷ್ಟ. ಗೇಟ್ ಮ್ಯಾಲಿನ ವಾಚ್‌ಮನ್ "ಇವ್ರು ಸ್ಟೋರ್ಸ್ ಸಾಹೇಬ್ರು ಹೌದು" ಅಂತ ಗುರುತು ಹಿಡೀಬೇಕು, ಯಾವ ಗೋಡೌನ್ ಕೀಲಿ ಕೊಡಬೇಕು ಅನ್ನೋದು ಅವನ ಕೆಲಸ ಅಲ್ಲ. ಅದಕ್ಕ ಯಾವ ಪ್ಲಗ್ ಇದ್ರೂ ನಮಗ ಹೊಳ್ಳಿ ಕೊಡೋದು ನಾಕ ಸಂಗತಿ: ಗುರುತು ಕೊಟ್ಟವರು ಯಾರು, ಅವರ ಕಡೆ ಇವನ ಬದಲಾಗದ ನಂಬರ್ ಏನು, ಹೆಸರೇನು, ಯಾವ ಯಾವ ಗ್ರೂಪ್ ದಾಗ ಅದಾನ. ಆ ಗ್ರೂಪಿನಿಂದ ನಮ್ಮ ಆ್ಯಪ್ ದಾಗ ಏನು ಅಧಿಕಾರ ಬರ್ತೈತಿ ಅನ್ನೋದನ್ನ ನಮ್ಮ ಕೋರ್ ಕೋಡ್ ಒಂದ ಜಾಗಾದಾಗ ತೀರ್ಮಾನ ಮಾಡ್ತೈತಿ.

ಫ್ಯಾಕ್ಟರಿ ಪ್ಲಗ್ ಮೊದಲು ಕೈಗೆ ತಗೊಂಡ್ವಿ. ಅಲ್ಲಿ ಆಕ್ಟಿವ್ ಡೈರೆಕ್ಟರಿ (ವಿಂಡೋಸ್ ಲಾಗಿನ್ ಎಲ್ಲಾ ಒಂದ ಕಡೆ ಇಡೋ ವ್ಯವಸ್ಥಾ), ಅದರ ಜೋಡಿ ಎಲ್‌ಡ್ಯಾಪ್ ಅನ್ನೋ ಪದ್ಧತಿ ಮ್ಯಾಲ ಮಾತಾಡಬೇಕು. 389 ಪೋರ್ಟ್ ಸಾದಾ, ಟಿಎಲ್‌ಎಸ್ (ಮಾಹಿತಿ ಗುಪ್ತ ಮಾಡಿ ಕಳಸೋದು) ಹಚ್ಚದಿದ್ರ ಪಾಸ್‌ವರ್ಡ್ ವೈರ್ ಮ್ಯಾಲ ಬತ್ತಲೆ ಹೋಗ್ತೈತಿ, ಅದಕ್ಕ ಟಿಎಲ್‌ಎಸ್ ಇರೋ 636 ಪೋರ್ಟ್ ಬೇಕು ಅಂತ ಹಟ ಹಿಡದು ಕುಂತ್ವಿ, ಅವರ ಒಳಗಿನ ಸರ್ಟಿಫಿಕೇಟ್ ಪೆನ್‌ಡ್ರೈವ್ ದಾಗ ತಂದು ನಮ್ಮ ಸರ್ವರ್‌ಗೆ ಹಾಕಿದ್ವಿ. ಲಾಗಿನ್ ಫೇಲ್ ಆದ್ರ ಎಲ್‌ಡ್ಯಾಪ್ ಯಾವಾಗ್ಲೂ 49 ಅಂತ ಒಂದ ಎರರ್ ಕೊಡ್ತೈತಿ, ನಿಜವಾದ ಕಾರಣ ಅದರ ಬಾಲದಾಗ ಅಡಗಿರ್ತೈತಿ: ಡೇಟಾ 52ಇ ಅಂತ ಇದ್ರ ಪಾಸ್‌ವರ್ಡ್ ತಪ್ಪು, 532 ಇದ್ರ ಪಾಸ್‌ವರ್ಡ್ ಅವಧಿ ಮುಗದೈತಿ, 533 ಇದ್ರ ಅಕೌಂಟ್ ಬಂದ್ ಮಾಡ್ಯಾರ, 775 ಇದ್ರ ಲಾಕ್ ಆಗೈತಿ. ಇದನ್ನ ಒಂದು ಚೀಟಿ ಮ್ಯಾಲ ಬರದು ಮಾನಿಟರ್‌ಗೆ ಹಚ್ಚಿದ ಮ್ಯಾಲ ಸಪೋರ್ಟ್ ಫೋನ್ ಅರ್ಧ ಆದ್ವು. ಯೂಸರ್‌ಗೆ ಮಾತ್ರ ಎಲ್ಲಾದಕ್ಕೂ ಒಂದ ಉತ್ತರ ತೋರಸ್ತೀವಿ, ಕಾರಣ ಲಾಗ್ ದಾಗ ಅಷ್ಟ.

ಎಲ್‌ಡ್ಯಾಪ್ ಪ್ಲಗ್ ಸ್ವಂತ ಬರೆಯೋರು ಯಾರರ ಇದ್ರ ಒಂದು ಮಾತು ಕೇಳ್ರಿ. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟು ಬೈಂಡ್ (ಎಲ್‌ಡ್ಯಾಪ್ ಲಾಗಿನ್) ಮಾಡಿದ್ರ ಅದಕ್ಕ ಅನ್‌ಆಥೆಂಟಿಕೇಟೆಡ್ ಬೈಂಡ್ ಅಂತಾರ, ಆಕ್ಟಿವ್ ಡೈರೆಕ್ಟರಿ ಡಿಫಾಲ್ಟ್ ಆಗಿ ಇದಕ್ಕ "ಸಕ್ಸೆಸ್" ಅಂತನ ಉತ್ತರ ಕೊಡ್ತೈತಿ, ಅದರ ಅರ್ಥ ನೀ ಒಳಗ ಬಂದಿ ಅಂತ ಅಲ್ಲ, ನಿನ್ನ ಅನಾಮಧೇಯ ಅಂತ ಹಿಡದೀನಿ ಅಂತ. ಆದ್ರ ನಮ್ಮಂಥವರ ಕೋಡ್ "ಸಕ್ಸೆಸ್ ಬಂತು, ಬಿಡು ಒಳಗ" ಅಂತೈತಿ. ವಿಂಡೋಸ್ ಸರ್ವರ್ 2019ರಿಂದ ಇದನ್ನ ಬಂದ್ ಮಾಡೋ ಆಪ್ಶನ್ ಕೊಟ್ಟಾರ, ಆದ್ರ ಗಿರಾಕಿ ಮಾಡ್ಯಾರೋ ಇಲ್ಲೋ ಯಾರಿಗ್ಗೊತ್ತು. ನಾವು ಬಳಸಿದ ಜ್ಯಾಂಗೊ ಎಲ್‌ಡ್ಯಾಪ್ ಲೈಬ್ರರಿ ಖಾಲಿ ಪಾಸ್‌ವರ್ಡ್ ತಾನ ತಿರಸ್ಕಾರ ಮಾಡ್ತೈತಿ, ಆದ್ರೂ ಅದರ ಮುಂದ ನಮ್ಮದೂ ಒಂದು ಚೆಕ್ ಇಟ್ಟೀವಿ.

ಗೂಗಲ್ ಪ್ಲಗ್ ಓಪನ್‌ಐಡಿ ಕನೆಕ್ಟ್ (ಬಂದವ ಯಾರು ಅಂತ ಗೂಗಲ್ ಅಂಥವರು ಬ್ಯಾರೆ ಆ್ಯಪ್‌ಗೆ ಹೇಳೋ ಪದ್ಧತಿ) ಮ್ಯಾಲ ನಡೀತೈತಿ, ಬರೆಯೋ ಕೆಲಸ ಕಡಿಮಿ, ಕಾಟ ಎಲ್ಲಾ ಸೆಟಪ್ ದಾಗ. ಕಾಲೇಜಿನ ಸರ್ವರ್ ಕ್ಯಾಂಪಸ್ ಒಳಗ 192.168 ಅಂತ ಶುರುವಾಗೋ ಐಪಿ ಮ್ಯಾಲ ಇತ್ತು, ಗೂಗಲ್ ರಿಡೈರೆಕ್ಟ್ (ಲಾಗಿನ್ ಆದ ಮ್ಯಾಲ ಹೊಳ್ಳಿ ಕಳಸೋ) ಅಡ್ರೆಸ್ ದಾಗ ಬರೇ ಐಪಿ ಬರದ್ರ ತಗೊಳ್ಳಂಗಿಲ್ಲ, ಲೋಕಲ್‌ಹೋಸ್ಟ್ (ಅಂದ್ರ ಅದ ಮಷೀನು) ಒಂದಕ್ಕ ರಿಯಾಯ್ತಿ. ಕಡೀಕ ಕಾಲೇಜಿನ ಡೊಮೇನ್ ಕೆಳಗ ಒಂದು ಹೆಸರು ಮಾಡಿಸಿ, ಅದನ್ನ ಆ ಒಳಗಿನ ಐಪಿಗೇ ತೋರಸಿ, ಸರ್ಟಿಫಿಕೇಟ್ ಹಚ್ಚಿ ದಾಟಿದ್ವಿ. ಆಮ್ಯಾಲ ಗೂಗಲ್ ಕೊಡೋ ಟೋಕನ್ (ಗುರುತಿನ ಚೀಟಿ) ದಾಗಿನ ಡೊಮೇನ್ ನಮ್ಮ ಸರ್ವರ್ ದಾಗನ ಚೆಕ್ ಮಾಡಬೇಕು, ಲಾಗಿನ್ ಲಿಂಕ್ ದಾಗ ಕಾಲೇಜಿನ ಡೊಮೇನ್ ಹಾಕಿದ್ರ ಅದು ಬರೇ ಸ್ಕ್ರೀನ್ ಮ್ಯಾಲಿನ ಸೂಚನಾ, ಅದನ್ನ ತೆಗೆದು ಯಾರ್ ಬೇಕಾದ್ರೂ ತಮ್ಮ ಜಿಮೇಲ್‌ನಿಂದ ಬರಬಹುದು.

ಇಲ್ಲೇ ಇಮೇಲ್ ಪ್ರಶ್ನೆ ಬಂತು. ಯೂಸರ್ ಯಾರು ಅಂತ ಇಮೇಲ್‌ನಿಂದ ಹಿಡದ್ರ ಸಾಕಲ್ಲ ಅಂತ ನಮ್ಮ ಹುಡುಗನ ವಾದ. ಅದ ಕಾಲೇಜಿನ್ಯಾಗ ಲ್ಯಾಬ್ ಅಸಿಸ್ಟಂಟ್ ಅಂತ ಒಂದು ಇಮೇಲ್ ಇತ್ತು, ಆ ಹುದ್ದೆಗೆ ಯಾರು ಬರ್ತಾರೋ ಅವರಿಗೆ ಹಳೇ ಅಕೌಂಟ್ ತೆಗದು ಅದ ಹೆಸರಿಲೆ ಹೊಸಾದು ಮಾಡಿ ಕೊಡ್ತಿದ್ರು. ಹೊಸಬರು ಲಾಗಿನ್ ಆದ್ರ ಹಿಂದಿನವರು ಹಾಕಿದ ಇಂಡೆಂಟ್ ಎಲ್ಲಾ ಇವರ ಹೆಸರಿಗೆ ಬಂದು ಕುಂದರ್ತಾವು, ಕಳಕೊಂಡ ಮಲ್ಟಿಮೀಟರ್ ಸೈತ. ಓಪನ್‌ಐಡಿ ಟೋಕನ್ ದಾಗ ಸಬ್ ಅಂತ ಒಂದು ಇರ್ತೈತಿ, ಅಕೌಂಟಿಗೊಂದು, ಬದಲಾಗಂಗಿಲ್ಲ, ಬ್ಯಾರೆಯವರಿಗೆ ಹೋಗಂಗಿಲ್ಲ. ಕೊಟ್ಟವರು ಪ್ಲಸ್ ಸಬ್, ಇವೆರಡು ಕೂಡಿದ್ರ ಗುರುತು. ಆಕ್ಟಿವ್ ಡೈರೆಕ್ಟರಿಯಾಗ ಇದರ ಜೋಡಿ ಆಬ್ಜೆಕ್ಟ್ ಜಿಯುಐಡಿ. ಮದುವಿ ಆಗಿ ಅಡ್ಡಹೆಸರು ಬದಲಾದ್ರೂ, ಲಾಗಿನ್ ಹೆಸರ ಬದಲಾದ್ರೂ ಅದು ಹಂಗ ಇರ್ತೈತಿ.

ಫೌಂಡ್ರಿ ಪಿನ್ ಬಗ್ಗೆ ಭಾಳ ಹೇಳಂಗಿಲ್ಲ. ನಾಕಂಕಿ ಪಿನ್ ಅಂದ್ರ ಒಟ್ಟ 10,000 ಸಾಧ್ಯತೆ, ಎಂಥಾ ಗಟ್ಟಿ ಹ್ಯಾಶ್ (ಮೂಲ ಕಾಣದಂಗ ಬದಲಿ ಮಾಡಿ ಇಡೋದು) ಹಾಕಿದ್ರೂ ಡೇಟಾಬೇಸ್ ಕೈಗೆ ಸಿಕ್ಕವ ಎಲ್ಲಾ ಹಾಕಿ ನೋಡಬಹುದು. ಅದಕ್ಕ ಪಿನ್ ನಡೆಯೋದು ನಾವು ರಜಿಸ್ಟರ್ ಮಾಡಿದ ಟ್ಯಾಬ್ ಮ್ಯಾಲ ಅಷ್ಟ, ತಪ್ಪು ಹೊಡದ್ರ ಲಾಕ್, ಮತ್ತ ಪಿನ್ ಮ್ಯಾಲ ಬಂದವ ಇಂಡೆಂಟ್ ಹಾಕಬಹುದು, ಅಪ್ರೂವ್ ಮಾಡಂಗಿಲ್ಲ. ಅಂದ್ರ ಯಾರು ಬಂದಾರ ಅನ್ನೋದರ ಜೋಡಿ ಹೆಂಗ ಬಂದಾರ ಅನ್ನೋದೂ ಸೆಷನ್ ದಾಗ ಬರದ ಇಡಬೇಕಾತು. ಅಲ್ಲಿನ ಸ್ಟೋರ್ಸ್ ಕಾಕಾ ಕೇಳಿದ್ರು, "ಏ ತಮ್ಮಾ, ನಂದ ಪಿನ್, ನಾನ ಹೊಡದೀನಿ, ಮತ್ತ್ಯಾಕ ಇಶ್ಯೂ ಮಾಡಾಕ ಪಾಸ್‌ವರ್ಡ್ ಕೇಳ್ತೈತಿ ಇದು?" ಕಾಕಾ, ನಿಮ್ಮ ಹಿಂದ ನಿಂತ ನೋಡಿದವರೂ ಅದನ್ನ ಹೊಡೀತಾರಲ್ರಿ ಅಂದೆ. ತಿರುಗಿ ನೋಡಿದ್ರು. ಹಿಂದ ಇಬ್ಬರು ನಿಂತಿದ್ರು.

ಈಗ ಪಟ್ಟಿಯ ಸುದ್ದಿಗೆ ಬರ್ತೀನಿ. ಫ್ಯಾಕ್ಟರ್‍ಯಾಗ ಎಲ್‌ಡ್ಯಾಪ್ ಮೊದಲು, ಅದರ ಕೆಳಗ ಜ್ಯಾಂಗೊದ ಸಾದಾ ಪಾಸ್‌ವರ್ಡ್ ಬ್ಯಾಕೆಂಡ್, ಡೈರೆಕ್ಟರಿ ಸರ್ವರ್ ಬಿದ್ರ ಇರ್ಲಿ ಅಂತ. ಗೋ ಲೈವ್ ಮೊದಲಿನ ಟೆಸ್ಟ್ ದಾಗ ಐಟಿ ಸಾಹೇಬ್ರು ಒಂದು ಅಕೌಂಟ್ ಡೈರೆಕ್ಟರಿಯಾಗ ಡಿಸೇಬಲ್ ಮಾಡಿ "ಈಗ ಬರ್ತಾನೇನ್ ನೋಡ್ರಿ" ಅಂದ್ರು. ಬಂದ! ಯಾಕಂದ್ರ ಟ್ರಯಲ್ ಟೈಮಿನ್ಯಾಗ ಮಾಡಿದ ಲೋಕಲ್ ಪಾಸ್‌ವರ್ಡ್ ಅವನ ಹೆಸರಿಗೆ ಹಂಗ ಇತ್ತು, ಎಲ್‌ಡ್ಯಾಪ್ ಇಲ್ಲ ಅಂದ ಕೂಡ್ಲೆ ಜ್ಯಾಂಗೊ ಕೆಳಗಿನವನನ್ನ ಕೇಳ್ತು, ಅವ ಹೂಂ ಅಂದ. ಕೆಲಸ ಬಿಟ್ಟು ಹೋದವ ಇದ ದಾರೀಲೆ ಆರಾಮ ಒಳಗ ಬರ್ತಿದ್ದ. ಮದ್ದು ಎರಡು. ಹೊರಗಿನ ಗುರುತು ಇರೋ ಯೂಸರ್‌ಗೆ ಲೋಕಲ್ ಪಾಸ್‌ವರ್ಡ್ ಅನ್‌ಯೂಸಬಲ್ ಮಾಡಿಬಿಡೋದು, ಅದಕ್ಕ ಜ್ಯಾಂಗೊದಾಗ ತಯಾರ ಫಂಕ್ಷನ್ ಐತಿ. ಮತ್ತ ಎಲ್‌ಡ್ಯಾಪ್ ಪ್ಲಗ್‌ಗೆ ಸೇರಿದ ಮನುಷ್ಯಾನ್ನ ಎಲ್‌ಡ್ಯಾಪ್ ಬ್ಯಾಡ ಅಂದ್ರ ಅಲ್ಲೇ ಪರ್ಮಿಶನ್ ಡಿನೈಡ್ ಎಸದು ಪಟ್ಟಿ ಮುಂದ ಹೋಗದಂಗ ಮಾಡೋದು. ಡೈರೆಕ್ಟರಿ ಬಿದ್ದಾಗಿನ ಸಲುವಾಗಿ ಒಂದ ಲೋಕಲ್ ಅಕೌಂಟ್ ಇಟ್ಟೀವಿ, ಅದರ ಪಾಸ್‌ವರ್ಡ್ ಲಕೋಟಿಯಾಗ ಸೀಲ್ ಮಾಡಿ ಮ್ಯಾನೇಜರ್ ಲಾಕರ್ ದಾಗ ಐತಿ.

ಇಲ್ಲೀತನಕ ಪ್ಲಗ್ ಕೆಲಸ ಸರಳ ಇತ್ತು ಅಂತನ ಹೇಳಬೇಕು. ಒಳಗ ಬಂದವ ಏನ್ ಮಾಡಬಹುದು ಅನ್ನೋದು, ಆಥರೈಸೇಶನ್, ಅದು ಬ್ಯಾರೇನ ಗುಡ್ಡ.

ರೋಲ್ ಮಾಡಿದ್ರ ಆತು ಅಂತಾರ ಎಲ್ಲಾರು: ಸ್ಟೋರ್ ಕೀಪರ್, ಎಚ್‌ಓಡಿ (ವಿಭಾಗದ ಮುಖ್ಯಸ್ಥ), ಮ್ಯಾನೇಜರ್. ಆದ್ರ ಫ್ಯಾಕ್ಟರ್‍ಯಾಗ ಬಾಯ್ಲರ್ ಎಚ್‌ಓಡಿ ಬಾಯ್ಲರ್ ಇಂಡೆಂಟ್ ಅಷ್ಟ ಅಪ್ರೂವ್ ಮಾಡಬೇಕು, ಅದೂ ಒಂದು ಮೊತ್ತದ ತನಕ, ಅದರ ಮ್ಯಾಲ ಆದ್ರ ಜನರಲ್ ಮ್ಯಾನೇಜರ್, ಮತ್ತ ತಾನ ಹಾಕಿದ ಇಂಡೆಂಟ್ ತಾನ ಅಪ್ರೂವ್ ಮಾಡಂಗಿಲ್ಲ. ಇದನ್ನ ಬರೇ ರೋಲ್ ದಾಗ ಹಿಡಿಯಾಕ ಹೋದ್ರ ವಿಭಾಗಕ್ಕೊಂದು, ಮೊತ್ತಕ್ಕೊಂದು ರೋಲ್ ಆಗಿ ಆ ಪಟ್ಟಿ ಓದೋರ ಇರಂಗಿಲ್ಲ. ಅದಕ್ಕ "ಇವರು, ಈ ಕೆಲಸ, ಈ ಇಂಡೆಂಟ್ ಮ್ಯಾಲ ಮಾಡಬಹುದೇನು" ಅಂತ ಕೇಳೋ ಒಂದ ಫಂಕ್ಷನ್ ಮಾಡಿದ್ವಿ. ಅಧಿಕಾರ ಐತೇನು ಅಂತ ಕೇಳೋ ಜ್ಯಾಂಗೊದ ಹ್ಯಾಸ್ ಪರ್ಮ್‌ಗೆ ಆಬ್ಜೆಕ್ಟ್ (ಅಂದ್ರ ಇಂಥಾ ಇಂಡೆಂಟ್ ಅಂತ) ಕೊಡಬಹುದು, ಆದ್ರ ಅದರ ಜೋಡಿ ಬರೋ ಬ್ಯಾಕೆಂಡ್ ಆಬ್ಜೆಕ್ಟ್ ಕೊಟ್ರ ಸುಮ್ಮನ ಇಲ್ಲ ಅಂತೈತಿ, ಉತ್ತರ ಕೊಡೋ ಬ್ಯಾಕೆಂಡ್ ನಾವ ಬರೀಬೇಕು. ಬರಿಯೋವಾಗ ಇನ್ನೊಂದು ಕಂಡ್ತು: ಪರ್ಮಿಶನ್ ಕೇಳುವಾಗ ಪಟ್ಟಿಯಾಗ ಯಾರರ ಒಬ್ಬರು ಹೂಂ ಅಂದ್ರ ಮುಗೀತು, ಆತು ಅಂತನ. ಮತ್ತ ಸೂಪರ್‌ಯೂಸರ್ ಇದ್ರ ಯಾವ ಬ್ಯಾಕೆಂಡನ್ನೂ ಕೇಳಂಗಿಲ್ಲ, ಸೀದಾ ಹೂಂ.

ಫ್ಯಾಕ್ಟರಿ ಜನರಲ್ ಮ್ಯಾನೇಜರ್ ಸಾಹೇಬ್ರಿಗೆ ಇದ ಸೂಪರ್‌ಯೂಸರ್ ಬೇಕಿತ್ತು. "ನಾ ಇಲ್ಲಿ ದೊಡ್ಡಾಂವ, ನನಗ ಇಲ್ಲ ಅನ್ನೋ ಬಟನ್ ಇರಬಾರದ್ರಿ." ಸಾಹೇಬ್ರ, ಹಂಗ ಕೊಟ್ರ ನಿಮ್ಮ ಇಂಡೆಂಟ್ ನೀವ ಪಾಸ್ ಮಾಡಿದಂಗ ಆಡಿಟ್ ದಾಗ ಬರ್ತೈತ್ರಿ ಅಂದೆ. ಆಡಿಟ್ ಅಂದ ಕೂಡ್ಲೆ ಕುರ್ಚಿಯಾಗ ಸರದು ಕುಂತ್ರು, "ಹಂಗಾರ ಬ್ಯಾಡ ಬಿಡ್ರಿ" ಅಂದ್ರು. ಈಗ ಯಾವ ಗಿರಾಕಿಗೂ ಸೂಪರ್‌ಯೂಸರ್ ಕೊಡಂಗಿಲ್ಲ.

ಅಧಿಕಾರದ ನಿಯಮಾನೂ ಪೂರ್ತಿ ಪ್ಲಗಬಲ್ ಮಾಡೂಣೇನು ಅಂತ ಭಾಳ ಚರ್ಚಾ ಆತು. ಅಧಿಕಾರದ ನಿಯಮ ಆ್ಯಪ್ ಹೊರಗ ಬರದಿಡೋ ಓಪನ್ ಪಾಲಿಸಿ ಏಜೆಂಟ್ ನೋಡಿದ್ವಿ, ಅದರ ರೀಗೊ ಭಾಷೆ ಕಲಿಯೋದಕ್ಕ ನಮ್ಮ ಆಫೀಸ್ ಸಣ್ಣದು. ಅದ ಕೆಲಸದ ಕ್ಯಾಸ್ಬಿನ್ ಲೈಬ್ರರಿ ನೋಡಿದ್ವಿ, ನಿಯಮ ಸಿಎಸ್‌ವಿ ಫೈಲ್ ದಾಗ ಇಡ್ತೈತಿ, ಎಕ್ಸೆಲ್ ದಾಗ ತೆಗೀಬಹುದು, ಆಸೆ ಆತು. ಆದ್ರ ನಿಯಮ ಬರೆಯೋ ಸ್ವಾತಂತ್ರ್ಯ ಗಿರಾಕಿಗೆ ಪೂರ್ತಿ ಬಿಟ್ರ ಅವರು ಬರದ ನಿಯಮದ ತಪ್ಪಿಗೂ ಫೋನ್ ನಮಗ ಬರ್ತೈತಿ. ಕಡೀಕ ನಿಂತದ್ದು ನಡುವಿನ ದಾರಿ: ಕೆಲಸಗಳ ಪಟ್ಟಿ ನಮ್ಮದು, ಬದಲಾಗಂಗಿಲ್ಲ. ಗಿರಾಕಿ ಒಂದು ಟೇಬಲ್ ತುಂಬಸ್ತಾರ, ಯಾವ ಗ್ರೂಪು, ಯಾವ ವಿಭಾಗ, ಎಷ್ಟರ ತನಕ. ಟೇಬಲ್ ದಾಗ ಸಾಲು ಇಲ್ಲ ಅಂದ್ರ ಅಧಿಕಾರ ಇಲ್ಲ. ತನ್ನ ಇಂಡೆಂಟ್ ತಾನ ಅಪ್ರೂವ್ ಮಾಡಬಾರದು ಅನ್ನೋದು ಟೇಬಲ್ ದಾಗನ ಇಲ್ಲ, ಕೋಡ್ ದಾಗ ಗಟ್ಟಿ ಕುಂತೈತಿ.

ಇನ್ನೊಂದು ಸಂಗತಿ ಯಾರೂ ಮೊದಲು ಹೇಳಂಗಿಲ್ಲ. ಹೌದು, ಇಲ್ಲ ಅಂತ ಉತ್ತರ ಕೊಟ್ರ ಸಾಲಂಗಿಲ್ಲ, ಲಿಸ್ಟ್ ಪೇಜ್ ಇರ್ತಾವಲ್ಲ. ಸಾವಿರಾರು ಇಂಡೆಂಟ್ ದಾಗ ಇವರಿಗೆ ಕಾಣಬೇಕಾದ್ದು ಯಾವು ಅಂತ ಒಂದೊಂದನ್ನ ಹಿಡದು ಕೇಳ್ಕೊಂತ ಕುಂತ್ರ ಪೇಜ್ ತೆರೆಯೋದರಾಗ ಚಹಾ ಕುಡದು ಬರಬಹುದು. ಅದಕ್ಕ ಅದ ನಿಯಮಾನ ಡೇಟಾಬೇಸ್ ಫಿಲ್ಟರ್ ಆಗಿನೂ ಕೊಡೋ ಹಂಗ ಇರಬೇಕು. ಒಂದ ನಿಯಮ ಎರಡು ರೂಪ, ಎರಡೂ ಒಂದ ಉತ್ತರ ಕೊಡ್ತಾವೇನು ಅಂತ ಟೆಸ್ಟ್ ಬರದ ಇಟ್ಟೀವಿ, ಆ ಟೆಸ್ಟ್ ಫೇಲ್ ಆದ್ರ ರಿಲೀಸ್ ಇಲ್ಲ.

ರಜಾ ಪ್ರಶ್ನೆ ಬಂದದ್ದು ಬನದ ಹುಣ್ಣಿವಿ ಹೊತ್ತಿಗೆ. ಎಚ್‌ಓಡಿ ಮನಿಮಂದಿ ಕರಕೊಂಡು ಎಲ್ಲಮ್ಮನ ಗುಡ್ಡಕ್ಕ ಹೋಗ್ಯಾರ, ಇತ್ತ ಪಂಪ್ ಸೀಲ್ ಬೇಕಾಗೈತಿ, ಮೊದಲಾಗಿದ್ರ ಫೋನ್ ದಾಗ ಪಾಸ್‌ವರ್ಡ್ ಹೇಳಿ "ನೀನ ಒತ್ತಿಬಿಡೋ" ಅಂತಿದ್ರು. ಈಗ ಆ ಪಾಸ್‌ವರ್ಡ್ ವಿಂಡೋಸಿಂದು, ಅದರಿಂದ ಅವರ ಮೇಲೂ ತೆರೀತೈತಿ, ಹೇಳಾಕ ಹೆದರ್ತಾರ. ಅದಕ್ಕ ಅಧಿಕಾರ ವಹಿಸಿಕೊಡೋ ಒಂದು ಸ್ಕ್ರೀನ್: ಯಾರಿಗೆ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ. ಲಾಗ್ ದಾಗ "ಇವರ ಪರವಾಗಿ ಇವರು" ಅಂತ ಇಬ್ಬರ ಹೆಸರೂ ಬರ್ತೈತಿ. ಇಡೀ ಪ್ರಾಜೆಕ್ಟ್ ದಾಗ ಗಿರಾಕಿ ತಾವಾಗೇ ಫೋನ್ ಮಾಡಿ ಚಲೋ ಮಾಡೀರಿ ಅಂದದ್ದು ಇದೊಂದಕ್ಕ, ಎಲ್‌ಡ್ಯಾಪ್ ಬಗ್ಗೆ ಯಾರೂ ಏನೂ ಅಂದಿಲ್ಲ.

ಸದ್ಯ ಕೈಯಾಗ ಇರೋದು ವಿಜಯಪುರದ ಕಡೆ ಒಂದು ಕೋಲ್ಡ್ ಸ್ಟೋರೇಜ್, ಒಣದ್ರಾಕ್ಷಿ ಇಡೋದು. ಅಲ್ಲಿ ಲಾಗಿನ್ ಆಗೋರು ರೈತರು, ಅವರಿಗೆ ಮೊಬೈಲ್ ಓಟಿಪಿ ಬೇಕು. ಎಸ್‌ಎಮ್‌ಎಸ್ ಕಳಸಬೇಕಂದ್ರ ಡಿಎಲ್‌ಟಿ ಪೋರ್ಟಲ್ (ಕಂಪನಿ ಎಸ್‌ಎಮ್‌ಎಸ್‌ಗಳ ನೋಂದಣಿ ಜಾಗಾ) ದಾಗ ಕಂಪನಿ, ಹೆಡರ್ (ಕಳಸಿದವರ ಹೆಸರು), ಮೆಸೇಜ್ ಟೆಂಪ್ಲೇಟ್ ಎಲ್ಲಾ ರಜಿಸ್ಟರ್ ಆಗಬೇಕು, ಅದು ನಡದೈತಿ. ಪ್ಲಗ್ ಬರದಾಗೈತಿ, ಆದ್ರ ಅದು ನಮ್ಮ ಮೊದಲಿನ ಕಟ್ಟಿಗೆ ಕೂಡವಲ್ದು. ಒಂದು ನಂಬರ್ ಅಂದ್ರ ಒಬ್ಬ ಮನುಷ್ಯಾ ಅಂತ ಅನ್ನಾಕ ಬರಂಗಿಲ್ಲ: ಅಪ್ಪನ ಖಾತೆ, ಅಣ್ಣತಮ್ಮರ ಖಾತೆ, ಎಲ್ಲಾದಕ್ಕೂ ಮನ್ಯಾಗಿನ ಒಬ್ಬ ಹುಡುಗನ ನಂಬರ್ ಕೊಟ್ಟಿರ್ತಾರ, ಮತ್ತ ಸಿಮ್ ಬಿಟ್ರ ಕೆಲವು ತಿಂಗಳ ಮ್ಯಾಲ ಅದ ನಂಬರ್ ಬ್ಯಾರೆಯವರಿಗೆ ಹೋಗಬಹುದು. ಓಟಿಪಿ ಹೊಡದ ಮ್ಯಾಲ "ಯಾವ ಖಾತೆ ನೋಡ್ತೀರಿ" ಅಂತ ಕೇಳೋ ಸ್ಕ್ರೀನ್ ಹಾಕೀವಿ. ಆದ್ರ ಮಾಲು ಹೊರಗ ಬಿಡೋ ಗೇಟ್ ಪಾಸ್‌ಗೆ ಓಟಿಪಿ ಒಂದ ಸಾಕೋ, ಖಾತೆದಾರರ ಸಹಿನೂ ಬೇಕೋ ಅಂತ ಮಾಲಕ್ರು ಇನ್ನೂ ಹೇಳಿಲ್ಲ. ಅವರು ಹೇಳೂತನಕ ಆ ಸಾಲು ಟೇಬಲ್ ದಾಗ ಖಾಲಿ ಐತಿ, ಖಾಲಿ ಇದ್ರ ಗೇಟ್ ಪಾಸ್ ಹೊರಡಂಗಿಲ್ಲ.